ಮಾತು ಬರುವ ಮುನ್ನವೂ ಮಗುವಿಗೆ ಭಾಷೆ ಬೇಕು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ, ಶನಿವಾರದ ಪುಟ್ಟ ಮಕ್ಕಳ ತರಗತಿ ನಡೆಸುತ್ತಿರುವ ನಿವೃತ್ತ ಶಿಕ್ಷಕರ ಪರವಾಗಿ ಮಾಡಿದ ಭಾಷಣದ ಬರಹರೂಪ)





ಈ ವೇದಿಕೆಯ ಮೇಲೆ ಪ್ರತಿವರ್ಷ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಅಂಕಗಳ ಮಾತು ಕೇಳುತ್ತೇವೆ. ಶೇಕಡಾ ತೊಂಬತ್ತು ದಾಟಿದ ಮಕ್ಕಳ ಹೆಸರು ಕರೆದಾಗ ಚಪ್ಪಾಳೆ ತಟ್ಟುತ್ತೇವೆ. ಅದು ಆಗಲೇಬೇಕು. ಆದರೆ ಇವತ್ತು ನಮಗೆ ಕೊಟ್ಟಿರುವ ಸಮಯದಲ್ಲಿ ಇನ್ನೂ ಒಂದಂಕಿಯ ಅಂಕವನ್ನೂ ಪಡೆಯದ ಮಕ್ಕಳ ವಿಷಯ ಹೇಳಬೇಕೆಂದಿದ್ದೇವೆ. ಅವರು ಎರಡರಿಂದ ಆರು ವರ್ಷದ ಒಳಗಿನವರು. ಕೆಲವರು ಅಂಗನವಾಡಿಗೆ ಹೋಗುತ್ತಾರೆ, ಕೆಲವರು ಮನೆಯಲ್ಲೇ ಇದ್ದಾರೆ. ಅವರಿಗೆ ಮಾತು ಬಂದಿಲ್ಲ, ಅಥವಾ ಬಂದ ಮಾತು ತಾಯಿಯ ಹೊರತು ಬೇರೆಯವರಿಗೆ ತಿಳಿಯುವುದಿಲ್ಲ.

ವಿದ್ಯಾರ್ಥಿವೇತನದ ಸಭೆಯಲ್ಲಿ ಈ ಮಕ್ಕಳ ಪ್ರಸ್ತಾಪ ಏಕೆ ಎಂದು ಕೆಲವರು ಕೇಳಿದ್ದಾರೆ. ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವರು. ಹತ್ತನೇ ತರಗತಿಯಲ್ಲಿ ಕಾಣುವ ಫಲಕ್ಕೆ ಬೀಜ ಬಿದ್ದಿರುವುದು ಒಂದನೇ ತರಗತಿಗೂ ಮೊದಲೇ ಎಂಬುದನ್ನು ಕಣ್ಣಾರೆ ಕಂಡವರು. ಮಗು ಶಾಲೆಯ ಹೊಸ್ತಿಲು ದಾಟುವ ಹೊತ್ತಿಗೆ ಅದರ ತಲೆಯೊಳಗೆ ಸಾವಿರಾರು ಪದಗಳಿರುತ್ತವೆ. ಆ ಪದಗಳ ಮೇಲೆಯೇ ಓದು, ಬರಹ, ಲೆಕ್ಕ ಎಲ್ಲವೂ ನಿಲ್ಲುತ್ತವೆ. ಆ ಪದಗಳೇ ಇಲ್ಲದೆ ಬಂದ ಮಗುವಿಗೆ ಆಮೇಲೆ ಎಷ್ಟು ವಿದ್ಯಾರ್ಥಿವೇತನ ಕೊಟ್ಟರೂ ತಳಪಾಯವಿಲ್ಲದ ಗೋಡೆಗೆ ಸುಣ್ಣ ಬಳಿದಂತೆ.

ಮಾತು ಬೇರೆ, ಭಾಷೆ ಬೇರೆ

ಮೊದಲು ಒಂದು ವ್ಯತ್ಯಾಸ ತಿಳಿಯೋಣ. ಮಾತು ಎಂದರೆ ತುಟಿ, ನಾಲಿಗೆ, ಗಂಟಲು, ಉಸಿರು ಸೇರಿ ಹೊರಡಿಸುವ ದನಿ. ಭಾಷೆ ಎಂದರೆ ಮನಸ್ಸಿನೊಳಗೆ ಪದ ಮತ್ತು ಅರ್ಥ ಜೋಡಿಯಾಗುವುದು, ಪದಕ್ಕೆ ಪದ ಸೇರಿ ವಾಕ್ಯವಾಗುವುದು, ಅದರಿಂದ ಇನ್ನೊಬ್ಬರನ್ನು ಮುಟ್ಟುವುದು. ಮಾತು ಭಾಷೆ ಹೊರಬರುವ ಒಂದು ಬಾಗಿಲು. ಆ ಬಾಗಿಲು ಮುಚ್ಚಿದ್ದರೆ ಮನೆಯೊಳಗೆ ಯಾರೂ ಇಲ್ಲ ಎಂದು ತಿಳಿಯಬಾರದು.

ಮಾತು ತಡವಾಗುವುದಕ್ಕೆ ಕಾರಣಗಳು ಹಲವು. ಕಿವಿ ಕೇಳಿಸದಿರುವುದು, ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್, ಸೀಳು ಅಂಗುಳ, ಬುದ್ಧಿ ಬೆಳವಣಿಗೆಯ ತೊಂದರೆ. ಕೆಲವು ಮಕ್ಕಳಲ್ಲಿ ಸ್ನಾಯುಗಳು ಚೆನ್ನಾಗಿದ್ದರೂ ಅವನ್ನು ಮಾತಿಗೆ ತಕ್ಕಂತೆ ಆಡಿಸುವ ಮಿದುಳಿನ ಯೋಜನೆ ಕೂಡಿಬರುವುದಿಲ್ಲ. ಕಾರಣ ಯಾವುದೇ ಇರಲಿ, ಹೇಳಬೇಕಾದದ್ದನ್ನು ಹೇಳಲಾಗದ ಮಗು ಅಳುತ್ತದೆ, ಕಚ್ಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ, ಇಲ್ಲವೇ ಎಲ್ಲವನ್ನೂ ಬಿಟ್ಟು ಮೂಲೆಯಲ್ಲಿ ಸುಮ್ಮನೆ ಕೂರುತ್ತದೆ. ಅತ್ತರೆ ಹಠಮಾರಿ ಎನ್ನುತ್ತೇವೆ, ಸುಮ್ಮನಿದ್ದರೆ ಬಹಳ ಒಳ್ಳೆಯ ಮಗು ಎನ್ನುತ್ತೇವೆ. ಈ ಎರಡನೆಯ ಮಗುವಿನ ಬಗ್ಗೆಯೇ ನಾವು ಹೆಚ್ಚು ಚಿಂತೆ ಮಾಡಬೇಕು.

ಮೊದಲ ಹೆಜ್ಜೆ ಕಿವಿಯ ಪರೀಕ್ಷೆ

ನಮ್ಮ ಕಡೆ ಮಾತು ತಡವಾದರೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಅದರ ಅಪ್ಪನಿಗೂ ಐದು ವರ್ಷಕ್ಕೆ ಮಾತು ಬಂತು ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹಿರಿಯರ ಪ್ರೀತಿಯನ್ನು ನಾವು ಅಲ್ಲಗಳೆಯುವುದಿಲ್ಲ. ದುಆ ಮಾಡಿ, ಅದರ ಜೊತೆಗೆ ಪರೀಕ್ಷೆಯನ್ನೂ ಮಾಡಿಸಿ. ಒಂದು ವರ್ಷವಾದರೂ ಮಗು ತೊದಲದಿದ್ದರೆ, ಬೆರಳು ತೋರಿಸದಿದ್ದರೆ. ಒಂದೂವರೆ ವರ್ಷಕ್ಕೆ ಒಂದೂ ಪದ ಇಲ್ಲದಿದ್ದರೆ. ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸದಿದ್ದರೆ. ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ನಿಂತುಹೋದರೆ, ಕಾಯಬೇಡಿ.

ಮೊದಲು ಕಿವಿ. ಬಾಗಿಲು ಬಡಿದರೆ ತಿರುಗುತ್ತಾನೆ, ಕಿವಿ ಸರಿಯಾಗಿದೆ ಎಂದು ತಾಯಂದಿರು ಹೇಳುತ್ತಾರೆ. ದೊಡ್ಡ ಸದ್ದು ಕೇಳಿಸುವ ಮಗುವಿಗೂ ಸ, ಶ ಮುಂತಾದ ಮೆಲ್ಲನೆಯ ದನಿಗಳು ಕೇಳಿಸದೇ ಇರಬಹುದು. ಕಿವಿಗೆ ಸಣ್ಣ ತುದಿಯನ್ನಿಟ್ಟು ಮಾಡುವ ಓ.ಎ.ಇ., ಮಗು ಮಲಗಿದ್ದಾಗ ಮಾಡುವ ಬೆರಾ, ಈ ಎರಡು ಪರೀಕ್ಷೆಗಳಲ್ಲಿ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಎಷ್ಟು ಚಿಕ್ಕ ಮಗುವಿಗಾದರೂ ಮಾಡಬಹುದು. ಕೇಳದ ಮಗುವಿಗೆ ಶ್ರವಣ ಯಂತ್ರ, ಕಾಕ್ಲಿಯರ್ ಇಂಪ್ಲಾಂಟ್, ಸಂಜ್ಞಾಭಾಷೆಯ ದಾರಿಗಳಿವೆ. ಸಂಜ್ಞಾಭಾಷೆ ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ. ಅದನ್ನು ಕೀಳಾಗಿ ಕಾಣಬಾರದು.

ಚಿತ್ರ ತೋರಿಸಿದರೆ ಮಾತು ಬರುವುದಿಲ್ಲವೇ?

ಇಲ್ಲಿಗೆ ಬರುವ ಪ್ರತಿಯೊಬ್ಬ ತಾಯಿಯೂ ಕೇಳುವ ಪ್ರಶ್ನೆ ಇದು. ಚಿತ್ರಗಳ ಪುಸ್ತಕ ಕೈಗೆ ಕೊಟ್ಟರೆ ಮಗು ಅದಕ್ಕೇ ಅಂಟಿಕೊಂಡು ಮಾತನಾಡುವ ಪ್ರಯತ್ನವನ್ನೇ ಬಿಟ್ಟುಬಿಡುತ್ತದೆ, ಡಾಕ್ಟರು ಮಾತಿನ ಆಸೆ ಬಿಟ್ಟಿದ್ದಕ್ಕೇ ಪುಸ್ತಕ ಕೊಟ್ಟಿದ್ದಾರೆ ಎಂಬ ಭಯ. ಆ ಭಯ ಸಹಜ.

ನಮಗೆ ಹಜ್ರತ್ ಮೂಸಾ ಅಲೈಹಿಸ್ಸಲಾಮರ ದುಆ ನೆನಪಾಗುತ್ತದೆ. ತಮ್ಮ ನಾಲಿಗೆಯ ಗಂಟು ಬಿಡಿಸು, ಜನರಿಗೆ ನಮ್ಮ ಮಾತು ತಿಳಿಯಲಿ ಎಂದು ಅವರು ಬೇಡಿಕೊಂಡ ಪ್ರಸಂಗ ಸೂರಾ ತಾಹಾದಲ್ಲಿದೆ. ಎಷ್ಟೋ ತಾಯಂದಿರು ಮಗುವಿನ ತಲೆಯ ಮೇಲೆ ಕೈಯಿಟ್ಟು ಇದೇ ದುಆ ಓದುತ್ತಾರೆ. ಆ ಪ್ರಾರ್ಥನೆ ಅಲ್ಲಿಗೇ ಮುಗಿಯುವುದಿಲ್ಲ. ಅದರ ಬೆನ್ನಿಗೇ ಅವರು ಸಹಾಯಕನನ್ನೂ ಕೇಳುತ್ತಾರೆ, ತಮ್ಮ ಮನೆಯವರೇ ಆದ ಹಾರೂನರನ್ನು. ಕೇಳಿದ್ದು ದಯಪಾಲಿಸಲಾಯಿತು ಎಂಬ ಉತ್ತರವೂ ಅಲ್ಲೇ ಬರುತ್ತದೆ. ಒಂದು ಕೇಳಿದ್ದರಿಂದ ಇನ್ನೊಂದು ತಪ್ಪಲಿಲ್ಲ. ನಾಲಿಗೆ ಬಿಡಿಸುವ ಚಿಕಿತ್ಸೆಯೂ ಇರಲಿ, ಮಾತಿಗೆ ಊರುಗೋಲಾಗುವ ಸಹಾಯವೂ ಇರಲಿ. ನಾವು ತಾಯಂದಿರಿಗೆ ಹೇಳುವುದು ಇಷ್ಟೇ.

ಇದು ನಂಬಿಕೆಯ ಮಾತು ಮಾತ್ರವಲ್ಲ. ಮಿಲರ್, ಲೈಟ್ ಮತ್ತು ಶ್ಲಾಸರ್ ಎಂಬ ಮೂವರು ಸಂಶೋಧಕರು ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ವರದಿ ಪ್ರಕಟಿಸಿದರು. ನಂಬಲರ್ಹ ಎಂದು ಅವರು ಆರಿಸಿಕೊಂಡ 27 ಜನರಲ್ಲಿ, ಸಂವಹನ ಸಾಧನ ಬಳಸಿದ್ದರಿಂದ ಮಾತು ಕಡಿಮೆಯಾದವರು ಒಬ್ಬರೂ ಇರಲಿಲ್ಲ. ಶೇಕಡಾ 89 ಮಂದಿಯ ಮಾತು ಮೊದಲಿಗಿಂತ ಹೆಚ್ಚಿತ್ತು. ಉಳಿದವರದು ಹಾಗೆಯೇ ಇತ್ತು. ಸಂಖ್ಯೆ ಚಿಕ್ಕದು, ಹೆಚ್ಚಳವೂ ಹಲವರಲ್ಲಿ ಸ್ವಲ್ಪವೇ. ಆದರೆ ಹಾನಿಯಾಗುತ್ತದೆ ಎಂಬ ಭಯಕ್ಕೆ ಆಧಾರ ಸಿಗಲಿಲ್ಲ.

ಕಾರಣ ಯೋಚಿಸಿದರೆ ಸರಳ. ಹೇಳು, ಹೇಳು ಎಂದು ಎಲ್ಲರೂ ಬಾಯನ್ನೇ ನೋಡುತ್ತಿದ್ದಾಗ ಮಗು ಬಿಗಿಯಾಗುತ್ತದೆ. ಚಿತ್ರ ಮುಟ್ಟಿದರೆ ಸಾಕು ಎಂದಾಗ ಆ ಒತ್ತಡ ಇಳಿಯುತ್ತದೆ. ಚಿತ್ರ ಮುಟ್ಟಿದಾಗಲೆಲ್ಲ ನಾವು ಅದರ ಪದವನ್ನು ಹೇಳುತ್ತೇವೆ. ಮಗುವಿಗೆ ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಇನ್ನು, ಬಾಯಲ್ಲಿ ಹೇಳುವುದಕ್ಕಿಂತ ಬೇಗ ಆಗುವ ದಾರಿ ಯಾವ ಪುಸ್ತಕದಲ್ಲೂ ಇಲ್ಲ. ಬಾಯಿಗೆ ಬಂದ ದಿನ ಮಗು ತಾನಾಗಿ ಬಾಯನ್ನೇ ಬಳಸುತ್ತದೆ. ನಡೆಯಲು ಬಂದ ಮೇಲೆ ಯಾವ ಮಗುವೂ ಅಂಬೆಗಾಲಿಗೆ ಅಂಟಿಕೊಂಡು ಕೂರುವುದಿಲ್ಲ.

ಸಾಧನ ಎಂದರೆ ಏನು?

ಸಾಧನ ಎಂದ ಕೂಡಲೇ ದುಬಾರಿ ಯಂತ್ರ ಕಣ್ಣ ಮುಂದೆ ಬರುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ಗಾಲಿಕುರ್ಚಿಯಲ್ಲಿ ಕೂತು ಕಂಪ್ಯೂಟರಿನ ದನಿಯಲ್ಲಿ ಉಪನ್ಯಾಸ ಕೊಟ್ಟಿದ್ದನ್ನು ನೀವು ನೋಡಿರಬಹುದು. ಅದೂ ಒಂದು ಸಾಧನವೇ. ಆದರೆ ಬಿ.ಇಡ್. ಮಾಡಿದವರಿಗೆ ಇನ್ನೊಂದು ಹತ್ತಿರದ ಹೆಸರು ಗೊತ್ತು: ಪಾಠೋಪಕರಣ. ನಾವು ರಟ್ಟು ಕತ್ತರಿಸಿ ಮಿಂಚುಪಟ್ಟಿ ಮಾಡಿದವರು. ನಲಿ-ಕಲಿ ತರಗತಿಯಲ್ಲಿ ನಿಮ್ಮ ಮಕ್ಕಳು ಚಿತ್ರದ ಕಾರ್ಡು ಹಿಡಿದು ಕಲಿತಿದ್ದಾರೆ. ಇದು ಅದರ ನೆಂಟನೇ.

ಇವುಗಳಲ್ಲಿ ಹಲವು ಬಗೆ. ಕೈಸನ್ನೆ, ತಲೆಯಾಡಿಸುವುದು, ಕಣ್ಣಿನ ನೋಟ, ಇದಕ್ಕೆ ಕಾಸಿಲ್ಲ. ಆಮೇಲೆ ನಿಜವಾದ ವಸ್ತುಗಳು: ಲೋಟ ತೋರಿಸಿದರೆ ನೀರು, ಚಪ್ಪಲಿ ತೋರಿಸಿದರೆ ಹೊರಗೆ. ಆಮೇಲೆ ಫೋಟೋ, ಗೆರೆಚಿತ್ರ, ಲ್ಯಾಮಿನೇಟ್ ಮಾಡಿದ ಹಾಳೆ, ಚಿತ್ರದ ಪುಸ್ತಕ. ಆಮೇಲೆ ಒತ್ತಿದರೆ ಮುದ್ರಿಸಿದ ದನಿ ಕೇಳಿಸುವ ಗುಂಡಿ. ಕೊನೆಗೆ ಟ್ಯಾಬ್ಲೆಟ್ಟಿನ ಆ್ಯಪ್. ಐಐಟಿ ಬಾಂಬೆಯಲ್ಲಿ ರೂಪುಗೊಂಡ ‘ಜೆಲ್ಲೋ’ ಉಚಿತವಾಗಿದೆ. ಚೆನ್ನೈನಲ್ಲಿ ತಯಾರಾದ ‘ಆವಾಜ್’ ಕೂಡ ನಮ್ಮ ದೇಶದ್ದೇ. ಚಿತ್ರಗಳಿಗೆ ಹಣ ಕೊಡಬೇಕಿಲ್ಲ. ಸ್ಪೇನ್ ದೇಶದ ಅರಗಾನ್ ಪ್ರಾಂತ್ಯದ ಸರ್ಕಾರ ‘ಅರಾಸಾಕ್’ ಎಂಬ ಹೆಸರಿನಲ್ಲಿ ಸಾವಿರಾರು ಚಿತ್ರಗಳನ್ನು, ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತಿನ ಮೇಲೆ, ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ನಮ್ಮ ತರಗತಿಯ ಪುಸ್ತಕಗಳಲ್ಲಿ ಅರ್ಧ ಅಲ್ಲಿನ ಚಿತ್ರಗಳು, ಅರ್ಧ ಮನೆಯವರು ಮೊಬೈಲಿನಲ್ಲಿ ತೆಗೆದ ಫೋಟೋಗಳು.

ಕೆಲವು ಮಕ್ಕಳು ಬೇಕಾದದ್ದನ್ನು ತಾವೇ ಎಟುಕಿಸಿಕೊಳ್ಳುತ್ತಾರೆ, ಆದರೆ ಮನುಷ್ಯರ ಬಳಿ ಬಂದು ಕೇಳುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು. ಅಂಥವರಿಗಾಗಿ ಅಮೆರಿಕದ ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ‘ಪೆಕ್ಸ್’ ಎಂಬ ವಿಧಾನ ರೂಪಿಸಿದರು. ಮಗು ಚಿತ್ರದ ಕಾರ್ಡನ್ನು ಎತ್ತಿ ಎದುರಿನವರ ಕೈಗೆ ಕೊಡಬೇಕು. ಕೊಟ್ಟ ಕ್ಷಣವೇ ಆ ವಸ್ತು ಕೈಗೆ ಬರುತ್ತದೆ. ಮಾತು ಎಂದರೆ ಇನ್ನೊಬ್ಬರ ಜೊತೆಗಿನ ಕೊಡುಕೊಳ್ಳುವಿಕೆ ಎಂಬುದು ಮಗುವಿಗೆ ಕೈಯಿಂದಲೇ ಅರ್ಥವಾಗುತ್ತದೆ.

ಕೈ ಸ್ವಾಧೀನವಿಲ್ಲದ ಮಗುವಿಗೂ ದಾರಿ ಇದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕು ಮೂಲೆಗೆ ನಾಲ್ಕು ಚಿತ್ರ ಅಂಟಿಸಿ, ಮಗುವಿಗೂ ನಮಗೂ ನಡುವೆ ಹಿಡಿಯುತ್ತೇವೆ. ಮಗು ನೋಡಿದ ಮೂಲೆಯೇ ಅದರ ಮಾತು. ಸೆರೆಬ್ರಲ್ ಪಾಲ್ಸಿ ಇರುವ ನಾಲ್ಕು ವರ್ಷದ ಹುಡುಗಿಯೊಬ್ಬಳು ಮನೆಯಲ್ಲಿ ಪ್ರತಿ ಸಂಜೆ ಒಂದೇ ಹೊತ್ತಿಗೆ ಅಳುತ್ತಿದ್ದಳು. ಹಸಿವೆಂದು ಉಣಿಸಿದರು, ನಜರ್ ಆಗಿದೆ ಎಂದು ನಿವಾಳಿಸಿದರು. ಹಾಳೆಯ ಬಳಕೆ ಕಲಿತ ಮೇಲೆ ಒಂದು ಸಂಜೆ ಅವಳು ಫ್ಯಾನಿನ ಚಿತ್ರ ನೋಡಿದಳು, ಆಮೇಲೆ ‘ಬಂದ್’ ಎಂಬ ಚಿತ್ರ ನೋಡಿದಳು, ಮತ್ತೆ ಫ್ಯಾನು ನೋಡಿದಳು. ಅಬ್ಬಾ ಕೆಲಸದಿಂದ ಬಂದು ಜೋರಾಗಿ ಹಾಕುತ್ತಿದ್ದ ಫ್ಯಾನಿನ ಗಾಳಿ ನೇರ ಅವಳ ಮುಖಕ್ಕೆ ಬಡಿಯುತ್ತಿತ್ತು. ಅವಳಿಗೆ ಮುಖ ತಿರುಗಿಸಲು ಆಗುತ್ತಿರಲಿಲ್ಲ. ಮಂಚ ಸರಿಸಿದರು, ಅಳು ನಿಂತಿತು. ಅವಳು ಹೇಳಿದ್ದು ಎರಡೇ ಪದ, ಆದರೆ ಅದು ವಾಕ್ಯ.

ಯಾವ ಪದಗಳು, ಯಾವ ಭಾಷೆಯಲ್ಲಿ?

ಮೊದಲ ಬಾರಿ ಪುಸ್ತಕ ಮಾಡುವವರು ಹಣ್ಣು, ಪ್ರಾಣಿ, ಬಣ್ಣ, ಬಸ್ಸು, ರೈಲು ಅಂಟಿಸುತ್ತಾರೆ. ಆದರೆ ದಿನವಿಡೀ ನಾವು ಆಡುವ ಮಾತನ್ನು ಎಣಿಸಿ ನೋಡಿದರೆ ಬಹುಪಾಲು ಕೆಲವೇ ನೂರು ಪದಗಳು ಸುತ್ತಿ ಸುತ್ತಿ ಬರುತ್ತವೆ: ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗು, ಕೊಡು, ನೋಡು, ನಾನು, ನೀನು, ಎಲ್ಲಿ, ಏನು, ನನ್ನದು. ಆನೆಯ ಚಿತ್ರದಿಂದ ಆನೆ ಎಂದು ಮಾತ್ರ ಹೇಳಬಹುದು. ‘ಇನ್ನೂ’ ಎಂಬ ಪದದಿಂದ ಇನ್ನೂ ಮಂಡಕ್ಕಿ, ಇನ್ನೂ ಆಟ, ಇನ್ನೂ ಕಥೆ, ಇನ್ನೊಮ್ಮೆ ಎತ್ತಿಕೋ ಎಂದು ಎಲ್ಲವನ್ನೂ ಹೇಳಬಹುದು.

‘ಬೇಡ’ ಎಂಬ ಪದ ಮೊದಲ ಪುಟದಲ್ಲೇ ಇರಬೇಕು ಎಂದು ನಾವು ಪಟ್ಟು ಹಿಡಿಯುತ್ತೇವೆ. ಕೇಳುವುದನ್ನು ಮಾತ್ರ ಕಲಿಸಿ ನಿರಾಕರಿಸುವುದನ್ನು ಕಲಿಸದಿದ್ದರೆ ಮಗು ಕಚ್ಚಿಯೇ ನಿರಾಕರಿಸಬೇಕಾಗುತ್ತದೆ. ತನ್ನ ದೇಹವನ್ನು ಯಾರಾದರೂ ಮುಟ್ಟಿದಾಗ ಬೇಡ ಎನ್ನಲು, ನೋವಾದರೆ ಎಲ್ಲಿ ಎಂದು ತೋರಿಸಲು, ನಡೆದದ್ದನ್ನು ತಾಯಿಗೆ ತಿಳಿಸಲು ಈ ಮಕ್ಕಳಿಗೆ ಬೇರೆ ಮಕ್ಕಳಿಗಿಂತ ಹೆಚ್ಚಾಗಿ ಪದಗಳು ಬೇಕು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ತಾಯಂದಿರಿಗೆ ಅರ್ಥವಾಗುತ್ತದೆ.

ಇನ್ನು ಭಾಷೆಯ ಪ್ರಶ್ನೆ. ನಮ್ಮ ಹೆಚ್ಚಿನ ಮನೆಗಳಲ್ಲಿ ದಖನಿ ಉರ್ದು, ಬೀದಿಯಲ್ಲಿ ಮತ್ತು ಅಂಗನವಾಡಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಹಿಂದಿ, ಇಂಗ್ಲಿಷ್. ಮಾತೇ ಬಾರದ ಮಗುವಿಗೆ ಒಂದೇ ಭಾಷೆ ಸಾಕು, ಇಂಗ್ಲಿಷಿನಲ್ಲೇ ಮಾತಾಡಿ ಎಂದು ಯಾರೋ ಹೇಳುತ್ತಾರೆ. ತಾಯಿ ತನಗೇ ಸರಿಯಾಗಿ ಬಾರದ ಇಂಗ್ಲಿಷಿನ ನಾಲ್ಕು ಪದಗಳನ್ನು ಹೇಳಿ ಸುಮ್ಮನಾಗುತ್ತಾಳೆ. ಮಗುವಿಗೆ ಮನೆಯ ಮಾತೂ ತಪ್ಪಿಹೋಗುತ್ತದೆ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ತಾಯಿ ಯಾವ ಭಾಷೆಯಲ್ಲಿ ಲಾಲಿ ಹಾಡುತ್ತಾಳೋ, ಗದರುತ್ತಾಳೋ, ನಗಿಸುತ್ತಾಳೋ ಅದೇ ಮಗುವಿನ ಮೊದಲ ಭಾಷೆ.

ಆದ್ದರಿಂದ ನಮ್ಮ ಪುಸ್ತಕದಲ್ಲಿ ಒಂದೇ ಚಿತ್ರದ ಕೆಳಗೆ ಎರಡು ಪದ ಇವೆ. ಮೇಲೆ ‘ಹೋನಾ’, ಕೆಳಗೆ ‘ಬೇಕು’. ಮೇಲೆ ‘ನಕ್ಕೋ’, ಕೆಳಗೆ ‘ಬೇಡ’. ಎರಡನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ; ಮನೆಯಲ್ಲಿ ದಾದಿಮಾಗೂ, ಅಂಗನವಾಡಿ ಟೀಚರಿಗೂ ಅದೇ ಪುಸ್ತಕ ನಡೆಯುತ್ತದೆ. ದಾದಿಮಾಗೆ ಓದಲು ಬಾರದಿದ್ದರೆ ಚಿತ್ರ ಇದ್ದೇ ಇದೆ. ಅಂಗಡಿಯಲ್ಲಿ ಸಿಗುವ ಚಾರ್ಟುಗಳಲ್ಲಿ ಹ್ಯಾಂಬರ್ಗರ್ ಇರುತ್ತದೆ, ಮಂಡಕ್ಕಿ ಇರುವುದಿಲ್ಲ. ಕ್ರಿಸ್ಮಸ್ ಮರ ಇರುತ್ತದೆ, ಸೆಹ್ರಿ, ಇಫ್ತಾರ್, ಈದ್ ಇರುವುದಿಲ್ಲ. ಅಬ್ಬಾ, ಅಮ್ಮಿ, ಖಾಲಾ, ಮಾಮು ಇರುವುದಿಲ್ಲ. ಮಗು ತನ್ನ ಬದುಕಿನ ಮಾತು ಆಡಬೇಕಾದರೆ ಅದರ ಬದುಕು ಆ ಪುಸ್ತಕದೊಳಗೆ ಇರಬೇಕು.

ಮನೆಯಲ್ಲಿ ಮಾಡಬೇಕಾದದ್ದು

ಪುಸ್ತಕ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಆಡುವ ಮಕ್ಕಳು ಮೊದಲ ಪದ ಹೇಳುವ ಮುನ್ನ ಸುಮಾರು ಒಂದು ವರ್ಷ ಸುತ್ತಲಿನವರ ಮಾತು ಕೇಳುತ್ತಿರುತ್ತವೆ. ಆ ಒಂದು ವರ್ಷ ನಾವು ಬೇಸರವಿಲ್ಲದೆ ಅವರೊಂದಿಗೆ ಮಾತನಾಡುತ್ತೇವೆ. ಚಿತ್ರದಿಂದ ಮಾತನಾಡಬೇಕಾದ ಮಗು, ಬೇರೆಯವರು ಚಿತ್ರದಿಂದ ಮಾತನಾಡುವುದನ್ನು ಎಲ್ಲಿ ನೋಡಿದೆ? ಎಲ್ಲಿಯೂ ಇಲ್ಲ. ಆದ್ದರಿಂದ ಮೊದಲು ನಾವು ಮಾತನಾಡಬೇಕು. ‘ಪಾನಿ ಹೋನಾ?’ ಎನ್ನುವಾಗ ಪಾನಿ ಚಿತ್ರವನ್ನೂ ಹೋನಾ ಚಿತ್ರವನ್ನೂ ಮುಟ್ಟಬೇಕು. ಊಟದ ಹೊತ್ತಿಗೆ, ಸ್ನಾನದ ಹೊತ್ತಿಗೆ, ಮಲಗುವ ಮುನ್ನ, ಹೀಗೆ ದಿನಕ್ಕೆ ಮೂರು ಹೊತ್ತು ಮಾಡಿದರೂ ಸಾಕು. ವಾಕ್ ಚಿಕಿತ್ಸಕರು ಮುಖ್ಯವಾಗಿ ಕಲಿಸುವುದು ಇದನ್ನೇ.

ಎರಡನೆಯದು ಕಾಯುವುದು. ಕೇಳಿದ ಮೇಲೆ ಮನಸ್ಸಿನಲ್ಲಿ ನಿಧಾನವಾಗಿ ಹತ್ತು ಎಣಿಸಿ. ನಾವು ಶಿಕ್ಷಕರು ಪ್ರಶ್ನೆ ಕೇಳಿ ಎರಡು ಸೆಕೆಂಡಿಗೆ ಉತ್ತರವನ್ನೂ ನಾವೇ ಹೇಳುವ ಅಭ್ಯಾಸದವರು. ಈ ಮಕ್ಕಳ ಎದುರು ಆ ಅಭ್ಯಾಸ ನಡೆಯುವುದಿಲ್ಲ. ಆ ಹತ್ತು ಎಣಿಕೆಯೊಳಗೆ ಮಗುವಿನ ಬೆರಳು ಅಲುಗಾಡುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಮೂರನೆಯದು, ಪರೀಕ್ಷೆ ಮಾಡಬೇಡಿ. ನೆಂಟರು ಬಂದಾಗ ‘ಸೇಬು ಎಲ್ಲಿ ತೋರಿಸು, ಬಾಳೆಹಣ್ಣು ಎಲ್ಲಿ ತೋರಿಸು’ ಎಂದು ಕೇಳುವುದರಿಂದ ಮಗುವಿಗೆ ಪುಸ್ತಕವೆಂದರೆ ಬೇಸರ ಬರುತ್ತದೆ. ಚಿತ್ರ ಮುಟ್ಟುವವರೆಗೆ ಊಟ ಕೊಡುವುದಿಲ್ಲ ಎನ್ನುವುದಂತೂ ಕೂಡದು. ಮಗುವಿನ ಕೈ ಹಿಡಿದು ಚಿತ್ರದ ಮೇಲೆ ಒತ್ತುವುದೂ ಬೇಡ. ಆಗ ಅದು ನಮ್ಮ ಮಾತಾಗುತ್ತದೆ, ಮಗುವಿನದಾಗುವುದಿಲ್ಲ.

ನಾಲ್ಕನೆಯದು, ಮಗು ಒಂದು ಪದ ತೋರಿಸಿದರೆ ನಾವು ಒಂದು ಸೇರಿಸಬೇಕು. ಅದು ‘ಬಾಲ್’ ಎಂದರೆ ನಾವು ‘ಬಾಲ್ ಹೋನಾ’ ಎನ್ನೋಣ. ಅದು ‘ಬಾಲ್ ಹೋನಾ’ ಎಂದರೆ ‘ದೊಡ್ಡ ಬಾಲ್ ಹೋನಾ’ ಎನ್ನೋಣ. ಎರಡು ಭಾಷೆ ಬೆರೆತರೆ ಬೆರೆಯಲಿ, ನಾವೂ ಹಾಗೆಯೇ ಮಾತನಾಡುತ್ತೇವಲ್ಲ.

ಐದನೆಯದು, ಪುಸ್ತಕ ಮಗುವಿನ ಕೈಗೆ ಎಟುಕುವಲ್ಲಿ ಇರಲಿ. ಹಾಳಾದೀತು ಎಂದು ಬೀರುವಿನ ಮೇಲಿಟ್ಟರೆ ಮಗುವಿನ ನಾಲಿಗೆಯನ್ನು ಬೀರುವಿನ ಮೇಲಿಟ್ಟಂತೆ. ಹರಿದರೆ ಇನ್ನೊಂದು ಮಾಡಿಕೊಡುತ್ತೇವೆ. ಅದಕ್ಕಾಗಿಯೇ ಟ್ರಸ್ಟ್ ಇದೆ. ಮದುವೆಗೆ, ದರ್ಗಾಕ್ಕೆ, ಸಂತೆಗೆ ಹೋಗುವಾಗ ಮಗುವಿನ ಹೆಗಲಿಗೆ ಹಾಕಿ ಕಳುಹಿಸಿ. ಪುಟದಲ್ಲಿ ಚಿತ್ರಗಳ ಜಾಗ ಬದಲಿಸಬೇಡಿ. ಕೈಗೆ ದಾರಿ ಅಭ್ಯಾಸವಾಗಿರುತ್ತದೆ. ಕೊನೆಯ ಪುಟದಲ್ಲಿ ಅಕ್ಷರಗಳಿರಲಿ. ಬಾಯಿಂದ ಮಾತು ಬಾರದ ಮಗುವಿಗೆ ಓದು ಬರಹವೇ ಮುಂದೆ ದೊಡ್ಡ ಸ್ವಾತಂತ್ರ್ಯ.

ಈ ಎಲ್ಲದರಲ್ಲಿ ಅಕ್ಕ, ಅಣ್ಣಂದಿರೇ ಒಳ್ಳೆಯ ಮೇಷ್ಟ್ರುಗಳು. ಮೂರನೇ ತರಗತಿಯ ಹುಡುಗನೊಬ್ಬ ತನ್ನ ತಮ್ಮನ ಜೊತೆ ಪುಸ್ತಕ ಹಿಡಿದು ಅಂಗಡಿ ಆಟ ಆಡುತ್ತಾನೆ. ತಮ್ಮ ಗಿರಾಕಿ. ಅಣ್ಣ ಬೇಕೆಂದೇ ತಪ್ಪು ಸಾಮಾನು ಕೊಡುತ್ತಾನೆ. ತಮ್ಮ ‘ನಕ್ಕೋ’ ಚಿತ್ರಕ್ಕೆ ಪಟಪಟ ಬಡಿದು ನಗುತ್ತಾನೆ. ಆಟವಾಡುತ್ತ ನಗುವುದೂ ಭಾಷೆಯ ಕೆಲಸವೇ ಎಂಬುದನ್ನು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ.

ಎಲ್ಲಿಗೆ ಹೋಗಬೇಕು?

ನಾವು ಶಿಕ್ಷಕರು, ಚಿಕಿತ್ಸಕರಲ್ಲ. ಮಗುವಿಗೆ ಯಾವ ಸಾಧನ ಒಗ್ಗುತ್ತದೆ, ನುಂಗಲು ತೊಂದರೆ ಇದೆಯೇ, ಕಿವಿ ಹೇಗಿದೆ ಎಂಬುದನ್ನು ತಜ್ಞರೇ ಹೇಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಬೇಡಿ. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತಾರೆ. ನಮ್ಮ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿ.ಆರ್.ಸಿ. ಇದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮ ಜನ ‘ಆಯಿಷ್’ ಎನ್ನುವುದು, ಇಡೀ ದೇಶಕ್ಕೇ ಹೆಸರಾದದ್ದು. ಬೆಂಗಳೂರಿನ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಕೂಡ ದಶಕಗಳಿಂದ ಸೆರೆಬ್ರಲ್ ಪಾಲ್ಸಿ ಮಕ್ಕಳ ನಡುವೆ ಕೆಲಸ ಮಾಡುತ್ತಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಒಂದು. ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಲು ನಾಚಬೇಡಿ. ಹುಡುಗಿಯ ಮುಂದಿನ ಮದುವೆಗೆ ತೊಂದರೆ ಎಂದು ಮೂರು ವರ್ಷದ ಮಗುವಿನ ಕಾರ್ಡು ತಪ್ಪಿಸಿದ ಮನೆಗಳಿವೆ. ಮುಚ್ಚಿಟ್ಟ ವರ್ಷಗಳನ್ನು ಆಮೇಲೆ ಯಾರೂ ವಾಪಸು ಕೊಡಲಾರರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿಯವರೆಗೆ ಇದೆ. ಅದರಲ್ಲಿ ಥೆರಪಿಯ ಖರ್ಚಿಗೂ ಪಾಲಿದೆ.

ದಾನಿಗಳಲ್ಲಿ ಮತ್ತು ಪೋಷಕರಲ್ಲಿ ಅರಿಕೆ

ಈ ವರ್ಷದ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಆರು ವರ್ಷದೊಳಗಿನ, ಮಾತಿನ ತೊಂದರೆ ಇರುವ ಮಕ್ಕಳಿಗೆಂದು ಒಂದು ವಿಭಾಗ ಸೇರಿಸಲು ಆಡಳಿತ ಮಂಡಳಿ ಒಪ್ಪಿದೆ. ಅದಕ್ಕೆ ಅಂಕಪಟ್ಟಿ ಬೇಕಿಲ್ಲ. ಆಧಾರ್, ಪಡಿತರ ಚೀಟಿ, ಇದ್ದರೆ ಕಿವಿಯ ಪರೀಕ್ಷೆಯ ವರದಿ ಅಥವಾ ವೈದ್ಯರ ಚೀಟಿ ತನ್ನಿ. ಯಾವ ಕಾಗದವೂ ಇಲ್ಲದಿದ್ದರೂ ಮಗುವನ್ನು ಕರೆದುಕೊಂಡು ಶನಿವಾರ ಬನ್ನಿ. ಕಾಗದ ಮಾಡಿಸಲು ನಾವೇ ಜೊತೆಗೆ ಬರುತ್ತೇವೆ.

ದಾನಿಗಳು ಟ್ಯಾಬ್ಲೆಟ್ ಕೊಡಲು ಮುಂದೆ ಬರುತ್ತಾರೆ. ಸಂತೋಷ, ಜಝಾಕಲ್ಲಾಹ್. ಆದರೆ ಅದಕ್ಕಿಂತ ಮೊದಲ ಖರ್ಚುಗಳಿವೆ. ಮಂಡಕ್ಕಿ ಭಟ್ಟಿಯಲ್ಲಿ ದಿನಗೂಲಿಗೆ ದುಡಿಯುವ ತಂದೆ ಮಗುವನ್ನು ಮೈಸೂರಿಗೆ ಕರೆದೊಯ್ದರೆ ಬಸ್ ಚಾರ್ಜಿನ ಜೊತೆ ಎರಡು ಮೂರು ದಿನದ ಕೂಲಿಯೂ ಹೋಗುತ್ತದೆ. ಎರಡನೆಯ ಸಲ ಅವನು ಹೋಗದೇ ಉಳಿಯುವುದು ಪ್ರೀತಿ ಕಡಿಮೆಯಾಗಿ ಅಲ್ಲ, ಕೂಲಿ ತಪ್ಪುತ್ತದೆಂದು. ಪ್ರಯಾಣ, ತಪ್ಪಿದ ಕೂಲಿ, ಥೆರಪಿಯ ಶುಲ್ಕ, ಚಿತ್ರದ ಪುಸ್ತಕ, ಈ ನಾಲ್ಕಕ್ಕೆ ಮೊದಲು ಕೊಡಿ. ಒಮ್ಮೆ ಕೊಟ್ಟು ನಿಲ್ಲಿಸಬೇಡಿ. ಮಗುವಿನ ಭಾಷೆ ಒಂದು ರಮಜಾನಿನಿಂದ ಇನ್ನೊಂದು ರಮಜಾನಿಗೆ ಬೆಳೆದು ಮುಗಿಯುವಂಥದ್ದಲ್ಲ. ಒಂದು ಮಗುವನ್ನು ಶಾಲೆ ಸೇರುವವರೆಗೆ ನಡೆಸುವ ಹೊಣೆ ಹೊರುವವರು ನಮಗೆ ಬೇಕು.

ಇನ್ನೊಂದು ಮಾತನ್ನು ಗೌರವದಿಂದಲೇ ಹೇಳುತ್ತೇವೆ. ಈ ಮಕ್ಕಳನ್ನು ವೇದಿಕೆಗೆ ಕರೆಸಿ ಚೆಕ್ಕಿನ ಜೊತೆ ಫೋಟೋ ತೆಗೆಸುವುದು ಬೇಡ. ಫೋಟೋ ಬೇಡ ಎಂದು ಹೇಳುವ ಮಾತು ಅವರಿಗೆ ಇನ್ನೂ ಬಂದಿಲ್ಲ. ಅವರ ಪರವಾಗಿ ಇವತ್ತಿಗೆ ನಾವು ‘ನಕ್ಕೋ’ ಎನ್ನುತ್ತಿದ್ದೇವೆ. ಮುಂದೆ ಅವರೇ ಹೇಳುತ್ತಾರೆ, ಬಾಯಿಂದಲೋ ಬೆರಳಿಂದಲೋ. ಹೋನಾ ಎಂದರೆ ಆಗ ಸಂತೋಷದಿಂದ ತೆಗೆಯೋಣ.

ತಂದೆ ತಾಯಂದಿರಿಗೆ ಕೊನೆಯದಾಗಿ: ಎಲ್ಲ ಮಕ್ಕಳಿಗೂ ಬಾಯಿಂದ ಮಾತು ಬರುತ್ತದೆ ಎಂದು ನಾವು ಭರವಸೆ ಕೊಡುವುದಿಲ್ಲ. ಹಾಗೆ ಕೊಡುವವರನ್ನು ನಂಬಿ ಒಡವೆ ಮಾರಬೇಡಿ. ಕೆಲವರಿಗೆ ಮಾತು ಬರುತ್ತದೆ, ಕೆಲವರಿಗೆ ಅರ್ಧ ಬರುತ್ತದೆ, ಕೆಲವರು ಜೀವನವಿಡೀ ಪುಸ್ತಕದಿಂದಲೋ ಯಂತ್ರದಿಂದಲೋ ಮಾತನಾಡುತ್ತಾರೆ. ಆದರೆ ಭಾಷೆಯನ್ನು ಪ್ರತಿ ಮಗುವಿಗೂ ಇವತ್ತಿನಿಂದಲೇ ಕೊಡಲು ಶುರುಮಾಡಬಹುದು. ಇವತ್ತು ರಾತ್ರಿ ಊಟದ ಹೊತ್ತಿಗೆ ಎರಡು ತುಂಡು ರಟ್ಟಿನ ಮೇಲೆ ‘ಹೋನಾ’, ‘ನಕ್ಕೋ’ ಎಂದು ಬರೆದು, ಒಂದಕ್ಕೆ ಹಸಿರು ಸರಿ ಗುರುತು, ಇನ್ನೊಂದಕ್ಕೆ ಕೆಂಪು ಅಡ್ಡಗೆರೆ ಹಾಕಿ, ಮಗುವಿನ ತಟ್ಟೆಯ ಪಕ್ಕ ಇಡಿ. ನೀವು ಮೊದಲು ಮುಟ್ಟಿ ತೋರಿಸಿ. ಆಮೇಲೆ ಹತ್ತು ಎಣಿಸಿ.

ಶನಿವಾರ ಬೆಳಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಟ್ರಸ್ಟ್ ಕಚೇರಿಯ ಮೇಲಿನ ಕೋಣೆಯಲ್ಲಿ ನಾವಿರುತ್ತೇವೆ. ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿದೆ. ಯಾವ ಜಾತಿ, ಯಾವ ಧರ್ಮ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಕಾದವರು ಕೆಳಗಿನಿಂದ ಒಂದು ಕೂಗು ಹಾಕಿ, ನಾವೇ ಇಳಿದು ಬರುತ್ತೇವೆ.

ಕೊಡುವ ಕೈಗಳಿಗೂ, ದುಡಿಯುವ ತಾಯಂದಿರಿಗೂ, ನಮ್ಮ ಎಲ್ಲ ಮಕ್ಕಳಿಗೂ ಅಲ್ಲಾಹನು ಬರ್ಕತ್ ದಯಪಾಲಿಸಲಿ, ಆಮೀನ್. ವ ಆಖಿರು ದಅವಾನಾ, ಅಲ್ಹಮ್ದುಲಿಲ್ಲಾಹ್.